ರೂಪಾಂತರ ಶಿಲೆಗಳು: ಪರ್ವತಜನನ ಮತ್ತು ಭೂಫಲಕ ಮುಳುಗಡೆಯ ದಾಖಲೆ

ನೆಲದಾಳದಲ್ಲಿ ಹೂತುಹೋದ ಕಲ್ಲು ಕರಗದೆ, ಗಟ್ಟಿಯಾಗಿದ್ದುಕೊಂಡೇ, ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ತನ್ನ ಖನಿಜಗಳನ್ನೂ ಒಳಗಿನ ಹೆಣಿಗೆಯನ್ನೂ ಬದಲಿಸಿಕೊಂಡರೆ ಅದನ್ನು ರೂಪಾಂತರ ಶಿಲೆ ಎನ್ನುತ್ತಾರೆ. ಸಮುದ್ರತಳದ ಜೇಡಿ ಸ್ಲೇಟಾಗುತ್ತದೆ. ಇನ್ನಷ್ಟು ಕಾದರೆ ಮಿರುಗುವ ಫಿಲೈಟ್, ಆಮೇಲೆ ಕಾಗೆಬಂಗಾರದ ಹಾಳೆಗಳು ಕಣ್ಣಿಗೆ ಕಾಣುವಷ್ಟು ಬೆಳೆದ ಶಿಸ್ಟ್, ಕೊನೆಗೆ ಕಪ್ಪು ಬಿಳುಪು ಪಟ್ಟೆಗಳ ನೈಸ್ ಆಗುತ್ತದೆ. ಸುಣ್ಣಕಲ್ಲು ಅಮೃತಶಿಲೆಯಾಗುತ್ತದೆ, ಮರಳುಗಲ್ಲು ಕ್ವಾರ್ಟ್ಸೈಟ್ ಆಗುತ್ತದೆ. ಕನ್ನಡ ನಾಡಿನವರಿಗೆ ಈ ಕಲ್ಲುಗಳು ಅಪರಿಚಿತವಲ್ಲ. ಬೇಲೂರು, ಹಳೇಬೀಡುಗಳ ಗುಡಿಗಳಿಗೆ ಒದಗಿದ ಬಳಪದ ಕಲ್ಲು ರೂಪಾಂತರ ಶಿಲೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತ ಬಂಡೆಯೂ ರೂಪಾಂತರ ಶಿಲೆಯೇ.

ಪರ್ವತಗಳು ಹುಟ್ಟಿದ ಬಗೆಯನ್ನು ತಿಳಿಯಲು ಈ ಶಿಲೆಗಳಷ್ಟು ನೆಚ್ಚಬಹುದಾದ ಆಧಾರ ಬೇರೆ ಇಲ್ಲ. ಪರ್ವತದ ಮೇಲ್ಮೈ ಮಳೆಗೆ, ಹಿಮಕ್ಕೆ ಸವೆದು ಹೋಗುತ್ತದೆ. ಸಾಗರದ ತಳವಂತೂ ಫಲಕದ, ಅಂದರೆ ಭೂಮಿಯ ಹೊರಪದರದ ಚಲಿಸುವ ತುಂಡಿನ, ಜೊತೆ ಭೂಗರ್ಭಕ್ಕೆ ಇಳಿದು ಕಣ್ಮರೆಯಾಗುತ್ತದೆ. ಇಂದಿನ ಸಾಗರತಳಗಳಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಭಾಗ ಉಳಿದಿರುವುದೇ ಅಪರೂಪ. ಆದರೆ ಆಳಕ್ಕೆ ಹೋಗಿ ಮರಳಿ ಬಂದ ಒಂದು ಹಿಡಿ ಕಲ್ಲು ಸಿಕ್ಕರೆ ಸಾಕು, ಅದು ಎಷ್ಟು ಆಳಕ್ಕೆ ಇಳಿದಿತ್ತು, ಅಲ್ಲಿ ಎಷ್ಟು ಕಾದಿತ್ತು, ಯಾವಾಗ ಮೇಲೆ ಬಂತು ಎಂಬ ಮೂರನ್ನೂ ಅದರಿಂದಲೇ ತಿಳಿಯಬಹುದು. ಈ ಮೂರರಲ್ಲಿ ಮೊದಲೆರಡನ್ನು ಬಿಡಿಬಿಡಿಯಾಗಿ ನೋಡಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಇಂತಿಷ್ಟು ಆಳದಲ್ಲಿ ಇಂತಿಷ್ಟು ಶಾಖ ಎಂಬ ಪ್ರಮಾಣವೇ ಮುಖ್ಯ. ಕಲ್ಲು ಮುಳುಗುವ ಫಲಕದ ಬೆನ್ನೇರಿ ಕೆಳಗಿಳಿದಿತ್ತೋ, ಪರ್ವತದ ಬುಡದಲ್ಲಿ ಸಿಕ್ಕಿಕೊಂಡಿತ್ತೋ ಎಂಬುದನ್ನು ನಿರ್ಣಯಿಸುವುದು ಆ ಪ್ರಮಾಣ.

ಖನಿಜಗಳ ಸಾಕ್ಷ್ಯ

ಖಂಡಗಳ ಸಾಮಾನ್ಯ ನೆಲದಲ್ಲಿ ಒಂದು ಕಿಲೋಮೀಟರ್ ಕೆಳಗಿಳಿದಂತೆ ಉಷ್ಣತೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಒತ್ತಡ ಮೇಲಿನ ಕಲ್ಲಿನ ಭಾರದಿಂದ ಬರುತ್ತದೆ. ಸುಮಾರು 35 ಕಿಲೋಮೀಟರ್ ಆಳದಲ್ಲಿ ಅದು 10 ಕಿಲೋಬಾರ್, ಅಂದರೆ ನಮ್ಮ ಮೇಲಿರುವ ಗಾಳಿಯ ಒತ್ತಡದ ಹತ್ತು ಸಾವಿರ ಪಟ್ಟು. ಪ್ರತಿಯೊಂದು ಖನಿಜವೂ ಶಾಖ ಮತ್ತು ಒತ್ತಡಗಳ ಒಂದು ಎಲ್ಲೆಯೊಳಗೆ ಮಾತ್ರ ನೆಮ್ಮದಿಯಾಗಿರಬಲ್ಲುದು. ಎಲ್ಲೆ ದಾಟಿದರೆ ಅದೇ ಪರಮಾಣುಗಳು ಬೇರೆ ರೀತಿಯಲ್ಲಿ ಜೋಡಣೆಗೊಂಡು ಇನ್ನೊಂದು ಖನಿಜವಾಗುತ್ತವೆ.

ಇದಕ್ಕೆ ಎಲ್ಲಕ್ಕಿಂತ ತಿಳಿಯಾದ ಉದಾಹರಣೆ ಆಂಡಲೂಸೈಟ್, ಕಯನೈಟ್, ಸಿಲಿಮನೈಟ್ ಎಂಬ ಮೂರು ಖನಿಜಗಳು. ಮೂರರಲ್ಲಿಯೂ ಇರುವುದು ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ, ಪ್ರಮಾಣವೂ ಒಂದೇ. ಆದರೆ ಕಯನೈಟ್ ಒತ್ತಡ ಹೆಚ್ಚಿರುವಲ್ಲಿ ಹುಟ್ಟುವ ನೀಲಿ ಅಲಗು. ಆಂಡಲೂಸೈಟ್ ಒತ್ತಡ ಕಡಿಮೆ ಇರುವಲ್ಲಿ ಬೆಳೆಯುವ ಚೌಕ ಕಂಬ. ಸಿಲಿಮನೈಟ್ ಶಾಖ ಏರಿದಾಗ ಕಾಣಿಸುವ ಬಿಳಿ ನಾರು. ಸುಮಾರು 500 ಡಿಗ್ರಿ ಶಾಖ ಮತ್ತು 4 ಕಿಲೋಬಾರ್ ಒತ್ತಡದಲ್ಲಿ ಮೂರರ ಎಲ್ಲೆಗಳೂ ಒಂದೆಡೆ ಕೂಡುತ್ತವೆ. ಗುಡ್ಡದ ಮೇಲೆ ಶಿಸ್ಟ್ ಒಡೆದು ನೋಡಿದಾಗ ನೀಲಿ ಅಲಗು ಕಂಡರೆ, ಆ ಕಲ್ಲು ಆಳದ ಒತ್ತಡವನ್ನು ಉಂಡು ಬಂದಿದೆ ಎಂದು ಸ್ಥಳದಲ್ಲೇ ಹೇಳಬಹುದು.

ಆಳದಲ್ಲಿ ಹುಟ್ಟಿದ ಖನಿಜ ಮೇಲೆ ಬಂದಾಗ ಏಕೆ ಹಿಂದಿನ ರೂಪಕ್ಕೆ ತಿರುಗುವುದಿಲ್ಲ? ತಿರುಗಿದ್ದರೆ ನಮಗೆ ಯಾವ ಆಧಾರವೂ ಉಳಿಯುತ್ತಿರಲಿಲ್ಲ. ಕುಂಬಾರರ ಆವಿಗೆಯನ್ನು ಕಂಡವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಹಸಿ ಮಡಕೆ ಸುಡುವಾಗ ಜೇಡಿಯ ಕಣಗಳಲ್ಲಿ ಬೆಸೆದುಕೊಂಡಿದ್ದ ನೀರು ಹೊರಟುಹೋಗುತ್ತದೆ. ಒಮ್ಮೆ ಸುಟ್ಟ ಮಡಕೆಯನ್ನು ತಣ್ಣಗಾಗಿಸಿದ ಮಾತ್ರಕ್ಕೆ ಅದು ಮತ್ತೆ ಜೇಡಿಯಾಗದು. ಕಲ್ಲಿನಲ್ಲಿಯೂ ಹೀಗೆಯೇ. ಕಾಯುತ್ತ ಹೋದಂತೆ ಜೇಡಿ ಖನಿಜಗಳು, ಕ್ಲೋರೈಟ್, ಕಾಗೆಬಂಗಾರಗಳು ಒಂದೊಂದಾಗಿ ನೀರು ಬಿಟ್ಟುಕೊಡುತ್ತವೆ. ಆ ನೀರು ಬಿರುಕುಗಳಲ್ಲಿ ಮೇಲೇರಿ ಹೋಗುತ್ತದೆ. ಕಲ್ಲು ತಣಿಯುವಾಗ ಹಿಂದಿನ ಖನಿಜಗಳನ್ನು ಮರಳಿ ಕಟ್ಟಲು ನೀರೇ ಇರುವುದಿಲ್ಲ. ತಣಿದ ಕಲ್ಲಿನಲ್ಲಿ ಪರಮಾಣುಗಳ ಓಡಾಟವೂ ನಿಂತಂತೆಯೇ. ಹಾಗಾಗಿ ಆಳದ ಖನಿಜಗಳು ಮೇಲೆ ಬಂದ ಮೇಲೂ ಕೋಟ್ಯಂತರ ವರ್ಷ ಹಾಗೆಯೇ ಉಳಿಯುತ್ತವೆ.

ಬ್ಯಾರೋ ಮತ್ತು ಎಸ್ಕೋಲ

ಈ ಓದಿಗೆ ಮೊದಲ ಅಕ್ಷರಮಾಲೆ ಕೊಟ್ಟವರು ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ ಸರ್ವೆ ಮಾಡುತ್ತಿದ್ದ ಜಾರ್ಜ್ ಬ್ಯಾರೋ. 1893ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಒಂದು ಸರಳ ಸಂಗತಿ ಇತ್ತು: ಒಂದೇ ಬಗೆಯ ಜೇಡಿಯಿಂದಾದ ಕಲ್ಲುಗಳ ಮೇಲೆ ನಡೆಯುತ್ತ ಹೋದರೆ ಹೊಸ ಹೊಸ ಖನಿಜಗಳು ಗೊತ್ತಾದ ಕ್ರಮದಲ್ಲಿ ಕಾಣಿಸಿಕೊಳ್ಳುತ್ತವೆ. ಕ್ಲೋರೈಟ್, ಬಯೋಟೈಟ್, ಗಾರ್ನೆಟ್, ಸ್ಟಾರೊಲೈಟ್, ಕಯನೈಟ್, ಸಿಲಿಮನೈಟ್ ಎಂಬ ಇಂದಿನ ಪೂರ್ಣ ಸಾಲು ಆಮೇಲಿನವರು, ಮುಖ್ಯವಾಗಿ 1920ರ ದಶಕದಲ್ಲಿ ಸೆಸಿಲ್ ಟಿಲಿ, ಸೇರಿಸಿ ಹೊಂದಿಸಿದ್ದು. ಶಾಖವೆಲ್ಲ ಒಂದು ಗ್ರಾನೈಟಿನಿಂದ ಬಂತೆಂದು ಬ್ಯಾರೋ ತಿಳಿದಿದ್ದರು. ಕಾರಣದಲ್ಲಿ ಎಡವಿದರೂ ಅವರು ಗೆರೆ ಎಳೆದ ನಕ್ಷೆ ಇಂದಿಗೂ ನಿಲ್ಲುತ್ತದೆ. ಶಾಖ ಬಂದದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ, ಇಯಾಪೆಟಸ್ ಎಂಬ ಸಾಗರ ಮುಚ್ಚಿಕೊಳ್ಳುತ್ತಿದ್ದ ಕಾಲದಲ್ಲಿ ಎದ್ದ ಪರ್ವತದ ಬುಡದಿಂದ. ಆ ಪರ್ವತ ಈಗ ಬೋಳು ಗುಡ್ಡಗಳಾಗಿ ಸವೆದಿದೆ. ಹಾಗೆ ಸವೆದದ್ದರಿಂದಲೇ ಅದರ ಒಳಗು ನಮಗೆ ಕಾಣಸಿಕ್ಕಿತು. ಕಯನೈಟ್ ಇರುವ ಈ ಕ್ರಮ ಜಗತ್ತಿನ ಎಷ್ಟೋ ಪರ್ವತಗಳಲ್ಲಿ ಮರುಕಳಿಸುವುದರಿಂದ ಖಂಡಗಳು ಡಿಕ್ಕಿ ಹೊಡೆದು ತೊಗಟೆ ದಪ್ಪಗಾದುದರ ಗುರುತಾಗಿ ಅದನ್ನು ಬ್ಯಾರೋ ಮಾದರಿ ಎಂದೇ ಕರೆಯುತ್ತಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಬಕನ್ ಪ್ರದೇಶದಲ್ಲಿ ಕಯನೈಟಿನ ಬದಲು ಆಂಡಲೂಸೈಟ್ ಸಿಗುತ್ತದೆ. ಅಲ್ಲಿ ಕಲ್ಲು ಬಹಳ ಆಳಕ್ಕಿಳಿಯದೆಯೇ ಕಾದಿತ್ತು.

ಫಿನ್ಲೆಂಡಿನ ಪೆಂಟಿ ಎಸ್ಕೋಲ 1915ರ ಹೊತ್ತಿಗೆ ಇದನ್ನು ಒಂದು ನಿಯಮವಾಗಿ ಕಟ್ಟಿದರು. ಒಂದೇ ರಾಸಾಯನಿಕ ಕೂಡಿಕೆಯ ಕಲ್ಲು ಬೇರೆ ಬೇರೆ ಶಾಖ, ಒತ್ತಡಗಳಲ್ಲಿ ಬೇರೆ ಬೇರೆ ಖನಿಜಗಳ ಗುಂಪಾಗುತ್ತದೆ. ಆ ಗುಂಪನ್ನು ಗುರುತಿಸಿದರೆ ಕಲ್ಲು ಇದ್ದ ಪರಿಸರ ತಿಳಿಯುತ್ತದೆ. ಇದನ್ನು ಮೆಟಮಾರ್ಫಿಕ್ ಫೇಸೀಸ್ ಎನ್ನುತ್ತಾರೆ. ಅಗ್ನಿಪರ್ವತದ ಬಸಾಲ್ಟನ್ನೇ ತೆಗೆದುಕೊಳ್ಳಿ. 300ರಿಂದ 500 ಡಿಗ್ರಿಯಲ್ಲಿ ಅದು ಹಸಿರು ಶಿಸ್ಟ್ ಆಗುತ್ತದೆ, ಇನ್ನೂ ಕಾದರೆ ಕಪ್ಪು ಆಂಫಿಬೊಲೈಟ್, 700 ಡಿಗ್ರಿ ದಾಟಿದರೆ ಗ್ರಾನುಲೈಟ್. ಅದೇ ಬಸಾಲ್ಟ್ ಹೆಚ್ಚು ಕಾಯದೆ ಬಹಳ ಆಳಕ್ಕೆ ಇಳಿದರೆ ನೀಲಿ ಶಿಸ್ಟ್ ಆಗುತ್ತದೆ, ಆಮೇಲೆ ಎಕ್ಲೋಗೈಟ್. ಹೆಚ್ಚು ಕಾಯದೆ ಬಹಳ ಆಳಕ್ಕೆ ಇಳಿಯುವುದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಎಸ್ಕೋಲರ ಕಾಲದಲ್ಲಿ ಉತ್ತರವಿರಲಿಲ್ಲ.

ನೀಲಿ ಶಿಸ್ಟ್

ಉತ್ತರ 1960ರ ದಶಕದ ಕೊನೆಗೆ ಭೂಫಲಕ ಸಿದ್ಧಾಂತದೊಂದಿಗೆ ಬಂತು. ಸಾಗರದ ಫಲಕ ಇನ್ನೊಂದು ಫಲಕದ ಅಡಿಗೆ ನುಗ್ಗಿ ಇಳಿಯುವುದಕ್ಕೆ ಸಬ್‌ಡಕ್ಷನ್, ಅಂದರೆ ಫಲಕದ ಮುಳುಗಡೆ ಎನ್ನುತ್ತಾರೆ. 2004ರ ಡಿಸೆಂಬರ್ 26ರ ಸುನಾಮಿಗೆ ಕಾರಣವಾದ ಸುಮಾತ್ರ–ಅಂಡಮಾನ್ ಭೂಕಂಪ ನಡೆದದ್ದು ಇಂಥ ಮುಳುಗಡೆಯ ಅಂಚಿನಲ್ಲೇ. ಸಾಗರದ ತಣ್ಣನೆಯ ತಳ ವರ್ಷಕ್ಕೆ ಕೆಲವು ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತದೆ. ಕಲ್ಲಾದರೋ ಶಾಖವನ್ನು ತೀರ ನಿಧಾನವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ: ಒಂದು ಕಿಲೋಮೀಟರ್ ದಪ್ಪದ ಕಲ್ಲಿನೊಳಗೆ ಶಾಖ ಹರಡಲು ಸುಮಾರು 30 ಸಾವಿರ ವರ್ಷ ಬೇಕು, ಹತ್ತು ಕಿಲೋಮೀಟರಿಗೆ ಹತ್ತು ಪಟ್ಟಲ್ಲ, ನೂರು ಪಟ್ಟು, ಅಂದರೆ 30 ಲಕ್ಷ ವರ್ಷ. ಅಷ್ಟರೊಳಗೆ ಫಲಕ ನೂರು ಕಿಲೋಮೀಟರಿನ ಆಸುಪಾಸಿನ ಆಳಕ್ಕೆ ಹೋಗಿರುತ್ತದೆ. ಆದ್ದರಿಂದ ಮುಳುಗುವ ಫಲಕದ ಮೇಲ್ಭಾಗದಲ್ಲಿ ಉಷ್ಣತೆ ಕಿಲೋಮೀಟರಿಗೆ 5ರಿಂದ 10 ಡಿಗ್ರಿಯಷ್ಟೇ ಏರುತ್ತದೆ. 40 ಕಿಲೋಮೀಟರ್ ಆಳದಲ್ಲಿ ಪರ್ವತದ ಬುಡ 600 ಡಿಗ್ರಿ ದಾಟಿದ್ದರೆ, ಮುಳುಗುವ ಫಲಕ 300–400 ಡಿಗ್ರಿಯಲ್ಲೇ ಇರುತ್ತದೆ. ಈ ಪರಿಸರ ಭೂಮಿಯಲ್ಲಿ ಬೇರೆಲ್ಲೂ ಇಲ್ಲ. ಇಲ್ಲಿ ಮಾತ್ರ ಗ್ಲಾಕೊಫೇನ್ ಎಂಬ ನೀಲಿ ಖನಿಜ ಬೆಳೆದು ಬಸಾಲ್ಟಿಗೆ ಕಡುನೀಲಿ ಬಣ್ಣ ಕೊಡುತ್ತದೆ. ಗುಡ್ಡದಲ್ಲಿ ನೀಲಿ ಶಿಸ್ಟ್ ಕಂಡರೆ ಅಲ್ಲೊಂದು ಸಾಗರ ಮುಳುಗಿತ್ತು ಎಂದೇ ಅರ್ಥ.

ಗ್ಲಾಕೊಫೇನ್ ಮೊದಲು ವಿವರಿಸಲ್ಪಟ್ಟದ್ದು ಗ್ರೀಸಿನ ಸೀರೋಸ್ ದ್ವೀಪದ ಕಲ್ಲಿನಿಂದ, 1845ರಲ್ಲಿ. ಅದರ ಜೊತೆಗಾರ ಲಾಸನೈಟ್ ಸಿಕ್ಕದ್ದು ಕ್ಯಾಲಿಫೋರ್ನಿಯದ ಟಿಬುರಾನ್ ಪರ್ಯಾಯದ್ವೀಪದಲ್ಲಿ, 1895ರಲ್ಲಿ. ಅಲ್ಲಿನ ಫ್ರಾನ್ಸಿಸ್ಕನ್ ಶಿಲಾಸಮೂಹವೇ ಡಬ್ಲ್ಯು. ಜಿ. ಅರ್ನ್‌ಸ್ಟ್ ಮೊದಲಾದವರಿಗೆ 1970ರ ಸುಮಾರಿನಲ್ಲಿ ನೀಲಿ ಶಿಸ್ಟನ್ನು ಸಬ್‌ಡಕ್ಷನ್ನಿಗೆ ಜೋಡಿಸಲು ನೆರವಾಯಿತು.

ಆದರೆ ಸಿದ್ಧಾಂತ ಬರುವ ಮೊದಲೇ ಕಲ್ಲುಗಳು ಅದನ್ನು ಸೂಚಿಸಿದ್ದವು. ಜಪಾನಿನ ಅಕಿಹೊ ಮಿಯಾಶಿರೊ 1961ರಲ್ಲಿ ತಮ್ಮ ದೇಶದ ಎರಡು ಶಿಲಾಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಸಾಗರದ ಕಡೆಗಿರುವ ಸಾಂಬಾಗಾವಾ ಪಟ್ಟಿಯಲ್ಲಿ ಒತ್ತಡ ಹೆಚ್ಚು, ಶಾಖ ಕಡಿಮೆ. ಒಳನಾಡಿನ ರ್ಯೋಕೆ ಪಟ್ಟಿಯಲ್ಲಿ ಶಾಖ ಹೆಚ್ಚು, ಒತ್ತಡ ಕಡಿಮೆ, ಜೊತೆಗೆ ಹೇರಳ ಗ್ರಾನೈಟ್. ಒಂದು ಮುಳುಗುವ ಫಲಕದ ಜಾಡು, ಇನ್ನೊಂದು ಆ ಫಲಕ ಬಿಟ್ಟ ನೀರಿನಿಂದ ಮೇಲೆ ಕರಗಿ ಎದ್ದ ಅಗ್ನಿಪರ್ವತ ಸಾಲಿನ ಬೇರು. ಎರಡು ಪಟ್ಟಿಗಳು ಹುಟ್ಟಿದಲ್ಲಿಯೇ ಹೀಗೆ ಅಂಟಿಕೊಂಡಿರಲಿಲ್ಲ. ನಡುವಿನ ದೊಡ್ಡ ಸ್ತರಭಂಗದ, ಅಂದರೆ ನೆಲ ಸೀಳಿ ಜಾರಿದ ಬಿರುಕಿನ, ಗುಂಟ ಸರಿದು ಬಂದು ಸೇರಿದವು ಎಂಬುದು ಆಮೇಲೆ ತಿಳಿಯಿತು. ಅದರಿಂದ ಮಿಯಾಶಿರೊ ಅವರ ಹೊಳಹಿನ ಬೆಲೆ ತಗ್ಗುವುದಿಲ್ಲ. ಸಾಗರತಳದ ಯಾವ ಮಾಹಿತಿಯ ಹಂಗೂ ಇಲ್ಲದೆ, ಬರೀ ನೆಲದ ಮೇಲಿನ ಕಲ್ಲುಗಳಿಂದ ಆ ಚಿತ್ರವನ್ನು ಕಂಡದ್ದು ಈ ಶಾಸ್ತ್ರದ ದೊಡ್ಡ ಗೆಲುವುಗಳಲ್ಲೊಂದು.

ನೀಲಿ ಶಿಸ್ಟ್ ಇನ್ನೂ ಇಳಿದರೆ ಉಳಿದ ನೀರನ್ನೂ ಬಿಟ್ಟು ಎಕ್ಲೋಗೈಟ್ ಆಗುತ್ತದೆ: ಹಸಿರು ಓಂಫಸೈಟಿನ ನಡುವೆ ಕೆಂಪು ಗಾರ್ನೆಟ್ ಚೆಲ್ಲಿದ, ಕಣ್ಣಿಗೆ ಹಬ್ಬವಾಗುವ ಕಲ್ಲು. ಅದು ಬಿಟ್ಟ ನೀರು ಮೇಲಿನ ಮ್ಯಾಂಟಲನ್ನು, ಅಂದರೆ ತೊಗಟೆಯ ಅಡಿಯ ಪದರವನ್ನು, ಸೇರಿ ಅದರ ಕರಗುವ ಉಷ್ಣತೆಯನ್ನು ಇಳಿಸುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪದಂಥ ಅಗ್ನಿಪರ್ವತಗಳು ಉಸಿರಾಡುವುದು ಆ ಕರಗಿನಿಂದ. ಬಸಾಲ್ಟಿನ ಸಾಂದ್ರತೆ ಘನ ಸೆಂಟಿಮೀಟರಿಗೆ 3.0 ಗ್ರಾಂ ಆಸುಪಾಸಾದರೆ ಎಕ್ಲೋಗೈಟಿನದು ಸುಮಾರು 3.5. ಸುತ್ತಲಿನ ಮ್ಯಾಂಟಲ್‌ಗಿಂತ ಅದು ಭಾರ. ಬಾವಿಗೆ ಬಿದ್ದ ಹಗ್ಗದ ತುದಿಯ ಕೊಡ ಉಳಿದ ಹಗ್ಗವನ್ನೂ ಎಳೆದುಕೊಂಡು ಹೋಗುವಂತೆ, ಮುಳುಗಿದ ತುದಿಯ ಈ ಭಾರವೂ ಫಲಕದ ಉಳಿದ ಭಾಗವನ್ನು ಎಳೆಯುತ್ತದೆ.

ನೂರು ಕಿಲೋಮೀಟರ್ ಕೆಳಗಿನಿಂದ

ಸಾಗರತಳ ಭಾರ, ಆದ್ದರಿಂದ ಮುಳುಗುತ್ತದೆ. ಖಂಡ ಹಗುರ, ಆದ್ದರಿಂದ ತೇಲುತ್ತದೆ. 1984ರವರೆಗೆ ಬಹುತೇಕ ಎಲ್ಲರೂ ಹೀಗೆಯೇ ನಂಬಿದ್ದರು. ಆ ವರ್ಷ ಫ್ರಾನ್ಸಿನ ಕ್ರಿಶ್ಚಿಯನ್ ಶೋಪಾಂ ಇಟಲಿಯ ಪಶ್ಚಿಮ ಆಲ್ಪ್ಸ್‌ನ ಡೋರಾ ಮೈರಾ ಪರ್ವತದಿಂದ ತಂದ ಕಲ್ಲಿನ ತೆಳು ಹಾಳೆಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ಬೆಳ್ಳನೆಯ, ತೆಳುಗುಲಾಬಿಯ ಗಾರ್ನೆಟ್‌ಗಳು. ಕೆಲವು ತೆಂಗಿನಕಾಯಿ ಗಾತ್ರದವು. ಒಂದು ಗಾರ್ನೆಟಿನೊಳಗೆ ಸಿಕ್ಕಿಕೊಂಡ ಸಣ್ಣ ಕಾಳು. ಕಾಳಿನ ನಡುವೆ ಕೋಸೈಟ್. ಸುತ್ತ ಬೇಲಿಯ ಗೂಟಗಳಂತೆ ನಿಂತ ಸ್ಫಟಿಕದ ಸಣ್ಣ ಕಡ್ಡಿಗಳು. ಅದರಾಚೆ ಗಾರ್ನೆಟಿನೊಳಗೆ ಸೂರ್ಯಕಿರಣದಂತೆ ಎಲ್ಲ ದಿಕ್ಕಿಗೂ ಒಡೆದ ಬಿರುಕುಗಳು.

ಕೋಸೈಟ್ ಎಂದರೆ ನಮ್ಮ ಮಾಮೂಲಿ ಬೆಣಚುಕಲ್ಲಿನ, ಅಂದರೆ ಸ್ಫಟಿಕದ, ಸಿಲಿಕವೇ, ಆದರೆ ಬಿಗಿಯಾಗಿ ಒತ್ತರಿಸಲ್ಪಟ್ಟದ್ದು. 1953ರಲ್ಲಿ ಲೋರಿಂಗ್ ಕೋಸ್ ಅದನ್ನು ಪ್ರಯೋಗಾಲಯದಲ್ಲಿ ಮಾಡಿದ್ದರು; ನಿಸರ್ಗದಲ್ಲಿ ಅದು 1960ರಲ್ಲಿ ಅರಿಜೋನದ ಉಲ್ಕಾಕುಳಿಯಲ್ಲಿ ಕಂಡಿತ್ತು. ಅದು ಹುಟ್ಟಲು ಸುಮಾರು 27 ಕಿಲೋಬಾರ್ ಒತ್ತಡ, ಅಂದರೆ 90 ಕಿಲೋಮೀಟರಿಗೂ ಹೆಚ್ಚು ಆಳ ಬೇಕು. ಕಲ್ಲು ಮೇಲೆ ಬರುತ್ತಿದ್ದಂತೆ ಕೋಸೈಟ್ ಸ್ಫಟಿಕವಾಗಿ ಮರಳತೊಡಗಿತು. ಹಾಗೆ ಮರಳುವಾಗ ಅದರ ಗಾತ್ರ ಹತ್ತಿರ ಹತ್ತಿರ ಶೇ. 10ರಷ್ಟು ಹಿಗ್ಗಬೇಕು. ಗಾರ್ನೆಟಿನ ಗಟ್ಟಿ ಗೋಡೆ ಬಹಳ ಹೊತ್ತು ಜಾಗ ಬಿಡಲಿಲ್ಲ, ಕೊನೆಗೆ ಬಿರಿಯಿತು. ಅದು ಅಷ್ಟು ಹೊತ್ತು ತಡೆದು ನಿಂತದ್ದರಿಂದಲೇ ನಡುವಿನ ಕೋಸೈಟ್ ಉಳಿಯಿತು.

ಆ ಗಾರ್ನೆಟ್ ಬೆಳೆದ ಕಲ್ಲು ಸಾಗರತಳದ್ದಲ್ಲ, ಖಂಡದ ಗ್ರಾನೈಟ್ ಮಾರ್ಪಟ್ಟದ್ದು. ಅದೇ ವರ್ಷ ಡೇವಿಡ್ ಸ್ಮಿತ್ ನಾರ್ವೆಯ ಪಶ್ಚಿಮ ತೀರದ ಎಕ್ಲೋಗೈಟಿನಲ್ಲಿಯೂ ಕೋಸೈಟ್ ಕಂಡರು. 1990ರಲ್ಲಿ ಕಜಾಕಸ್ತಾನದ ಕೊಕ್ಚೆತಾವ್ ಶಿಲೆಗಳ ಗಾರ್ನೆಟ್‌ನೊಳಗೆ ಸೂಕ್ಷ್ಮ ವಜ್ರಗಳು ಸಿಕ್ಕ ಸುದ್ದಿಯನ್ನು ಸೊಬೊಲೆವ್ ಮತ್ತು ಶಾಟ್ಸ್ಕಿ ಪ್ರಕಟಿಸಿದರು. ವಜ್ರಕ್ಕೆ ಇನ್ನೂ ಹೆಚ್ಚಿನ ಆಳ ಬೇಕು. ಭಾರವಾದ ಸಾಗರತಳ ಮುಂದೆ ಎಳೆಯುತ್ತಿದ್ದರೆ ಹಗುರವಾದ ಖಂಡದ ಅಂಚೂ ಅದರ ಬೆನ್ನಿಗೆ ಬಿದ್ದು ನೂರು ಕಿಲೋಮೀಟರ್ ಕೆಳಗಿಳಿಯುತ್ತದೆ, ಆಮೇಲೆ ಕೊಂಡಿ ಕಳಚಿದಾಗ ತನ್ನ ಹಗುರತನದಿಂದಲೇ ಮೇಲೇಳುತ್ತದೆ ಎಂಬುದು ಈಗ ಒಪ್ಪಿತ ಮಾತು. ಡೋರಾ ಮೈರಾ ಶಿಲೆಗಳು ಸುಮಾರು 3.5 ಕೋಟಿ ವರ್ಷಗಳ ಹಿಂದೆ ಅತಿ ಆಳದಲ್ಲಿದ್ದವು. ಅವು ಮೇಲೆದ್ದ ವೇಗವೂ ವರ್ಷಕ್ಕೆ ಸೆಂಟಿಮೀಟರ್‌ಗಳ ಲೆಕ್ಕದ್ದು, ಫಲಕಗಳು ಚಲಿಸುವ ವೇಗಕ್ಕೆ ಸಮನಾದದ್ದು. ನಿಧಾನವಾಗಿ ಎದ್ದಿದ್ದರೆ ದಾರಿಯಲ್ಲಿ ಕಾದು ಕೋಸೈಟಿನ ಕುರುಹೂ ಉಳಿಯುತ್ತಿರಲಿಲ್ಲ.

ಹಿಮಾಲಯ: ಸಾಗರ, ಅಂಚು, ಪರ್ವತ

ಸಾಗರ ಮುಳುಗುವುದರಿಂದ ಹಿಡಿದು ಖಂಡಗಳು ಡಿಕ್ಕಿಯಾಗಿ ಪರ್ವತ ಏಳುವವರೆಗಿನ ಎಲ್ಲ ಹಂತಗಳನ್ನೂ ಒಂದೇ ಕಡೆ ನೋಡಬೇಕಾದರೆ ಹಿಮಾಲಯಕ್ಕೇ ಹೋಗಬೇಕು.

ಲಡಾಖಿನ ಶೆರ್ಗೋಲ್ ಬಳಿ, ಸಿಂಧೂ ನದಿಯ ಗುಂಟ ಸಾಗುವ, ಎರಡು ಖಂಡಗಳು ಬೆಸೆದುಕೊಂಡ ಹೊಲಿಗೆಯ ವಲಯದಲ್ಲಿ, ಲಾಸನೈಟ್ ಇರುವ ನೀಲಿ ಶಿಸ್ಟ್ ಇದೆ. ಭಾರತ ಮತ್ತು ಏಷ್ಯಾಗಳ ನಡುವೆ ಟೆಥಿಸ್ ಸಾಗರವಿತ್ತು, ಅದು ಏಷ್ಯಾದ ಕಡೆಗೆ ಮುಳುಗಿತು ಎಂಬುದಕ್ಕೆ ಕೈಯಲ್ಲಿ ಹಿಡಿಯಬಹುದಾದ ಪುರಾವೆ ಅದು. ಡೈನೋಸಾರ್‌ಗಳು ಇನ್ನೂ ಬದುಕಿದ್ದ ಕ್ರಿಟೇಶಿಯಸ್ ಕಾಲದ್ದು.

ಅಲ್ಲಿಂದ ಆಗ್ನೇಯಕ್ಕೆ, ತ್ಸೊ ಮೊರಿರಿ ಸರೋವರದ ಸುತ್ತಲಿನ ಬೋಳು ಬೆಟ್ಟಗಳಲ್ಲಿ, ಎರಡನೆಯ ಹಂತ ಕಾಣಸಿಗುತ್ತದೆ. ತಿಳಿಬಣ್ಣದ ನೈಸ್ ಶಿಲೆಯೊಳಗೆ ಅಲ್ಲಲ್ಲಿ ಕಡುಬಣ್ಣದ ಎಕ್ಲೋಗೈಟ್ ಗಡ್ಡೆಗಳು ಹೂರಣದಂತೆ ಸಿಕ್ಕಿಕೊಂಡಿವೆ. ನೈಸ್ ಮೊದಲು ಗ್ರಾನೈಟ್ ಆಗಿತ್ತು, ಸುಮಾರು 48 ಕೋಟಿ ವರ್ಷ ಹಳೆಯದು. ಭಾರತ ಖಂಡದ್ದೇ ಅಂಚು. ಗಡ್ಡೆಗಳು ಆ ಗ್ರಾನೈಟನ್ನು ಸೀಳಿ ಬಂದ ಬಸಾಲ್ಟ್. 2001ರಲ್ಲಿ ಮುಖರ್ಜಿ ಮತ್ತು ಸಚಾನ್ ಈ ಎಕ್ಲೋಗೈಟಿನ ಗಾರ್ನೆಟ್‌ನಲ್ಲಿ ಕೋಸೈಟ್ ಇರುವುದನ್ನು ಪ್ರಕಟಿಸಿದರು. ಅದೇ ವರ್ಷ ಪಾಕಿಸ್ತಾನದ ಕಾಘಾನ್ ಕಣಿವೆಯ ಎಕ್ಲೋಗೈಟಿನಲ್ಲಿಯೂ ಕೋಸೈಟ್ ವರದಿಯಾಯಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ, ಸಾಗರ ಮುಗಿದ ಮೇಲೆ, ಭಾರತದ ಮುಂಚೂಣಿಯೇ ಏಷ್ಯಾದ ಅಡಿಗೆ ನೂರು ಕಿಲೋಮೀಟರಿನಷ್ಟು ಇಳಿದುಹೋಗಿತ್ತು. ಇಂದು ಅದೇ ಕಲ್ಲು 4,500 ಮೀಟರ್ ಎತ್ತರದ ಸರೋವರದ ದಡದಲ್ಲಿ ಬಿಸಿಲು ಕಾಯುತ್ತಿದೆ. ಇದನ್ನು ಬರೆಯುವಾಗಲೂ ಬೆರಗು ಕಡಿಮೆಯಾಗುವುದಿಲ್ಲ.

ಮೂರನೆಯ ಹಂತ ಎತ್ತರದ ಹಿಮಾಲಯದ ಬೆನ್ನಿನ ಗುಂಟ ಹಬ್ಬಿದೆ. ತೊಗಟೆಯ ಹಾಳೆಗಳು ಒಂದರ ಮೇಲೊಂದು ಏರಿ ದಪ್ಪಗಾದವು. ದಪ್ಪಗಾದ ತೊಗಟೆ ನಿಧಾನವಾಗಿ ಕಾಯಿತು. ಡಾರ್ಜಿಲಿಂಗ್–ಸಿಕ್ಕಿಂ ಕಣಿವೆಗಳಲ್ಲಿ ಬ್ಯಾರೋ ಕ್ರಮದ ಎಲ್ಲ ಖನಿಜಗಳೂ ಇವೆ, ಆದರೆ ತಲೆಕೆಳಗಾಗಿ. ತೀಸ್ತಾ ಕಣಿವೆಯ ತಳದಲ್ಲಿ ಕ್ಲೋರೈಟ್ ಇರುವ ಫಿಲೈಟ್; ಬೆಟ್ಟ ಹತ್ತಿದಂತೆ ಗಾರ್ನೆಟ್, ಸ್ಟಾರೊಲೈಟ್, ಕಯನೈಟ್; ಮೇಲೆ ಸಿಲಿಮನೈಟಿನ ನೈಸ್. ಆಳಕ್ಕೆ ಹೋದಂತೆ ಕಾವು ಹೆಚ್ಚಬೇಕಲ್ಲವೆ? ಇಲ್ಲಿ ಮೇಲೆ ಹೋದಂತೆ ಹೆಚ್ಚಿದೆ. 19ನೇ ಶತಮಾನದ ಭೂವಿಜ್ಞಾನಿಗಳೇ ಇದನ್ನು ಗಮನಿಸಿದ್ದರು. ಅರ್ನಾಲ್ಡ್ ಹೈಮ್ ಮತ್ತು ಆಗಸ್ಟ್ ಗಾನ್ಸರ್ 1936ರಲ್ಲಿ ಕುಮಾವೂ ಕಡೆ ಅಲೆದು, 1939ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೇನ್ ಸೆಂಟ್ರಲ್ ಥ್ರಸ್ಟ್ ಎಂದು ಹೆಸರಿಟ್ಟ ದೊಡ್ಡ ಸ್ತರಭಂಗದಲ್ಲಿ ಇದರ ಗುಟ್ಟಿದೆ. ಆಳದಲ್ಲಿ ಕಾದ ತೊಗಟೆಯ ಹಾಳೆ ಈ ಸ್ತರಭಂಗದ ಮೇಲೆ ಜಾರಿ ತಣ್ಣನೆಯ ಶಿಲೆಗಳ ಮೇಲೆ ಬಂದು ಕೂತಿತು, ಕಾದ ಹೆಂಚನ್ನು ಹಸಿ ಇಟ್ಟಿಗೆಯ ಮೇಲೆ ಕವುಚಿಟ್ಟ ಹಾಗೆ. ಅಷ್ಟೇ ಅಲ್ಲ, ಮೊದಲು ನೆಟ್ಟಗಿದ್ದ ಖನಿಜ ವಲಯಗಳೂ ಆ ಜಾರಿಕೆಯಲ್ಲಿ ಎಳೆಯಲ್ಪಟ್ಟು ಮಡಚಿಕೊಂಡವು. ಎರಡರಲ್ಲಿ ಯಾವುದರ ಪಾಲೆಷ್ಟು ಎಂಬುದು ಕಣಿವೆಯಿಂದ ಕಣಿವೆಗೆ ಬೇರೆ.

ಆ ಹಾಳೆಯ ಮೇಲಂಚಿನಲ್ಲಿ ಇನ್ನೊಂದು ಸ್ತರಭಂಗವಿದೆ. ಅದು ಟಿಬೆಟಿನ ಕಡೆಗೆ ಇಳಿಜಾರಾಗಿದೆ. ಅದರ ಮೇಲೇನಿದೆ, ಕೆಳಗೇನಿದೆ ಎಂಬುದು ಎವರೆಸ್ಟಿನಲ್ಲಿ ಕಾಣುತ್ತದೆ: ತುದಿಯಲ್ಲಿರುವುದು ಹೆಚ್ಚೇನೂ ಕಾಯದ ಸುಣ್ಣಕಲ್ಲು, ಪುರಾತನ ಸಮುದ್ರ ಜೀವಿಗಳ ಚೂರುಗಳ ಸಮೇತ. ಅದರ ಕೆಳಗಿನ ಹಳದಿ ಪಟ್ಟಿ ಅಮೃತಶಿಲೆ. ಬುಡದಲ್ಲಿ ಸಿಲಿಮನೈಟ್ ನೈಸ್ ಮತ್ತು ಬಿಳಿ ಗ್ರಾನೈಟ್. ಸುಮಾರು 2 ಕೋಟಿ ವರ್ಷಗಳ ಹಿಂದೆ ಕೆಳಗೊಂದು, ಮೇಲೊಂದು ಸ್ತರಭಂಗ ಏಕಕಾಲಕ್ಕೆ ಜಾರುತ್ತಿದ್ದಾಗ ನಡುವಿನ ಕಾದ ತೊಗಟೆ ದಕ್ಷಿಣಕ್ಕೆ ಹಿಂಡಿಕೊಂಡು ಹೊರಬಂತು. ಕಾಗೆಬಂಗಾರ ನೀರು ಬಿಟ್ಟು ಭಾಗಶಃ ಕರಗಿದ್ದರಿಂದ ಆ ತೊಗಟೆ ಮೆತ್ತಗಾಗಿತ್ತು. ಗಂಗೋತ್ರಿಯ ಶಿವಲಿಂಗ ಶಿಖರ ಹಾಗೆ ಕರಗಿ ಗಟ್ಟಿಯಾದ ಬಿಳಿ ಗ್ರಾನೈಟ್.

ಒಂದು ಗಾರ್ನೆಟನ್ನು ಓದುವುದು

ಈ ಆಳ, ಉಷ್ಣತೆ, ಕಾಲಗಳೆಲ್ಲ ಎಲ್ಲಿಂದ ಬರುತ್ತವೆ? ಬಹುಪಾಲು ಗಾರ್ನೆಟ್‌ನಿಂದ. ಶಿಸ್ಟ್ ಒಡೆದಾಗ ಕಾಣುವ ಗಾರ್ನೆಟ್ ಕರಿಮೆಣಸಿನ ಕಾಳಿನಷ್ಟಿರುತ್ತದೆ, ದಾಳಿಂಬೆ ಬೀಜದ ಬಣ್ಣ. ಕಾಗೆಬಂಗಾರದ ಹಾಳೆಗಳು ಅದನ್ನು ಬಳಸಿಕೊಂಡು ಹೋಗಿರುತ್ತವೆ, ಹೊಳೆಯ ನೀರು ಗುಂಡುಕಲ್ಲನ್ನು ಬಳಸುವಂತೆ. ಈ ಕಾಳು ಮರದ ಕಾಂಡದಂತೆ ಒಳಗಿನಿಂದ ಹೊರಕ್ಕೆ ಬೆಳೆದದ್ದು. ನಡುವಿನಲ್ಲಿ ಮ್ಯಾಂಗನೀಸ್ ಹೆಚ್ಚು, ಅಂಚಿನಲ್ಲಿ ಮೆಗ್ನೀಸಿಯಂ ಹೆಚ್ಚು. ಬೆಳೆಯುತ್ತ ಬೆಳೆಯುತ್ತ ಕಾವು ಏರಿದ್ದರ ಗುರುತು. ಎಲೆಕ್ಟ್ರಾನ್ ಮೈಕ್ರೊಪ್ರೋಬ್ ಎಂಬ ಯಂತ್ರ ಈ ಬದಲಾವಣೆಯನ್ನು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನವರೆಗೆ ಅಳೆಯುತ್ತದೆ. ಗಾರ್ನೆಟ್ ಮತ್ತು ಪಕ್ಕದ ಬಯೋಟೈಟ್ (ಕರಿ ಕಾಗೆಬಂಗಾರ) ಕಬ್ಬಿಣ–ಮೆಗ್ನೀಸಿಯಂಗಳನ್ನು ಹಂಚಿಕೊಂಡ ಅನುಪಾತ ಉಷ್ಣತೆಯನ್ನು ಅವಲಂಬಿಸುತ್ತದೆ. 1978ರಲ್ಲಿ ಫೆರಿ ಮತ್ತು ಸ್ಪಿಯರ್ ಪ್ರಯೋಗಗಳಿಂದ ಅದನ್ನು ಅಳತೆಗೋಲಾಗಿ ಮಾಡಿದರು. ಕೆಲವು ಗಾರ್ನೆಟ್‌ಗಳಲ್ಲಿ ಒಳಸಿಕ್ಕ ಕಾಳುಗಳು ಸುರುಳಿಯಾಗಿ ಸಾಗಿರುತ್ತವೆ: ಸುತ್ತಲಿನ ಕಲ್ಲು ಜಾರುತ್ತಿದ್ದಾಗಲೇ ಅವು ಬೆಳೆದವು.

ಕಾಲವನ್ನು ಹೇಳುವುದು ವಿಕಿರಣಶೀಲ ಧಾತುಗಳು. ಜಿರ್ಕಾನ್, ಮೊನಜೈಟ್ ಕಾಳುಗಳಲ್ಲಿ ಯುರೇನಿಯಂ ಸೀಸವಾದ ಪ್ರಮಾಣ, ಗಾರ್ನೆಟ್‌ನಲ್ಲಿ ಲ್ಯುಟೀಶಿಯಂ ಹಾಫ್ನಿಯಂ ಆದ ಪ್ರಮಾಣ ಖನಿಜ ಬೆಳೆದ ಕಾಲವನ್ನು ಕೊಡುತ್ತವೆ. ಕಾಗೆಬಂಗಾರಗಳ ಆರ್ಗಾನ್ ಕೊಡುವುದು ಬೇರೆ ತೇದಿ: ಬಿಳಿಯದು ಸುಮಾರು 400, ಕರಿಯದು ಸುಮಾರು 300 ಡಿಗ್ರಿಗೆ ತಣಿದ ಕಾಲ. ಎಲ್ಲವನ್ನೂ ಸೇರಿಸಿದರೆ ಕಲ್ಲಿನ ಇಳಿತ, ಕಾಯುವಿಕೆ, ಏರಿಕೆಗಳ ಒಂದು ಸುತ್ತುದಾರಿ ಮೂಡುತ್ತದೆ. 1984ರಲ್ಲಿ ಇಂಗ್ಲೆಂಡ್ ಮತ್ತು ಥಾಂಪ್ಸನ್ ಎಂಬ ವಿಜ್ಞಾನಿಗಳು ತೋರಿಸಿದಂತೆ, ಡಿಕ್ಕಿಯಿಂದಾದ ಪರ್ವತದಲ್ಲಿ ಕಲ್ಲು ಅತಿ ಆಳಕ್ಕೆ ಮೊದಲು ಮುಟ್ಟುತ್ತದೆ, ಅತಿ ಕಾವಿಗೆ ಆಮೇಲೆ, ಮೇಲೆ ಬರುತ್ತಿರುವಾಗ.

ಈ ಓದಿನಲ್ಲಿ ಎಚ್ಚರ ತಪ್ಪುವಂತಿಲ್ಲ. 700 ಡಿಗ್ರಿ ಮೀರಿ ಬಹುಕಾಲ ಕಾದರೆ ಗಾರ್ನೆಟಿನ ಪದರಗಳು ಕಲಸಿ ಒಂದಾಗಿ ಹಿಂದಿನ ದಾಖಲೆ ಅಳಿಯುತ್ತದೆ. ಮೇಲೆ ಬರುವಾಗ ನೀರು ಹೊಕ್ಕರೆ ಎಕ್ಲೋಗೈಟ್ ಆಂಫಿಬೊಲೈಟ್ ಆಗಿಬಿಡುತ್ತದೆ. ಒತ್ತಡವೆಲ್ಲ ಆಳದಿಂದಲೇ ಬಂದದ್ದೋ, ಫಲಕಗಳ ಹಿಸುಕಾಟದ ಪಾಲೂ ಇದೆಯೋ ಎಂಬ ವಾದ ಇನ್ನೂ ನಡೆದಿದೆ.

ಧಾರವಾಡ ಶಿಲೆಗಳ ಮುಂದೆ

ಕರ್ನಾಟಕದ ನೆಲ ಈ ವಿಷಯಕ್ಕೆ ಒಂದು ಕಠಿಣ ಪ್ರಶ್ನೆಯನ್ನು ಒಡ್ಡುತ್ತದೆ. ನಮ್ಮ ನೈಸ್ ಶಿಲೆಗಳಲ್ಲಿ ಬಹಳಷ್ಟು 300 ಕೋಟಿ ವರ್ಷ ಮತ್ತು ಅದಕ್ಕೂ ಹಿಂದಿನವು. ಗದಗ, ಧಾರವಾಡದ ಕಡೆ ಹಸಿರು ಶಿಸ್ಟ್. ದಕ್ಷಿಣಕ್ಕೆ ಬಂದಂತೆ ಹೊಳೆನರಸೀಪುರದಲ್ಲಿ ಗಾರ್ನೆಟ್, ಸ್ಟಾರೊಲೈಟ್, ಕಯನೈಟ್ ಇರುವ ಶಿಸ್ಟ್. ಬಿಳಿಗಿರಿರಂಗನ ಬೆಟ್ಟದಲ್ಲಿ ಗ್ರಾನುಲೈಟ್. ಉತ್ತರದಿಂದ ದಕ್ಷಿಣಕ್ಕೆ ಪ್ರಯಾಣ ಮಾಡುವುದೆಂದರೆ ಹಳೆಯ ತೊಗಟೆಯ ಆಳಕ್ಕೆ ಇಳಿಯುವುದು. ಇಡೀ ನಾಡು ಓರೆಯಾಗಿ ಎದ್ದು ಸವೆದಿದೆ.

ಆದರೆ ಈ ಎಲ್ಲ ಹರವಿನಲ್ಲಿ ನೀಲಿ ಶಿಸ್ಟ್ ಒಂದು ತುಣುಕೂ ಇಲ್ಲ. ಇಲ್ಲಿ ಮಾತ್ರವಲ್ಲ, ಜಗತ್ತಿನಲ್ಲೆಲ್ಲೂ ಸುಮಾರು 80–90 ಕೋಟಿ ವರ್ಷಕ್ಕಿಂತ ಹಳೆಯ ನೀಲಿ ಶಿಸ್ಟ್ ಸಿಕ್ಕಿಲ್ಲ. ಹಾಗಾದರೆ ಅದಕ್ಕೆ ಮೊದಲು ಫಲಕಗಳು ಮುಳುಗುತ್ತಲೇ ಇರಲಿಲ್ಲವೆ? ಕೆಲವರು ಹಾಗೆಯೇ ವಾದಿಸುತ್ತಾರೆ. ಆದರೆ ಕಲ್ಲು ಇಲ್ಲ ಎಂದ ಮಾತ್ರಕ್ಕೆ ಕ್ರಿಯೆ ಇರಲಿಲ್ಲ ಎನ್ನಲಾಗದು. ಆಗಿನ ಭೂಗರ್ಭ ಈಗಿನದಕ್ಕಿಂತ ಬಿಸಿ. ಮುಳುಗುವ ಫಲಕವೂ ಹೆಚ್ಚು ಕಾಯುತ್ತಿತ್ತು. 2016ರಲ್ಲಿ ಪೇಲಿನ್ ಮತ್ತು ವೈಟ್ ಇನ್ನೊಂದು ಕಾರಣ ಮುಂದಿಟ್ಟರು: ಹಳೆಯ ಸಾಗರತಳದಲ್ಲಿ ಮೆಗ್ನೀಸಿಯಂ ಹೆಚ್ಚಿದ್ದುದರಿಂದ ಅದೇ ಪರಿಸರದಲ್ಲಿಯೂ ಗ್ಲಾಕೊಫೇನ್ ಬೆಳೆಯುತ್ತಿರಲಿಲ್ಲ, ಹಸಿರು ಕಲ್ಲೇ ಆಗುತ್ತಿತ್ತು. ಮೈಕೆಲ್ ಬ್ರೌನ್ ಜಗತ್ತಿನ ಹಲವೆಡೆಯ ರೂಪಾಂತರ ಶಿಲೆಗಳನ್ನು ಪಟ್ಟಿಮಾಡಿ, ಮಿಯಾಶಿರೊ ಕಂಡಂಥ ಬಿಸಿ–ತಂಪುಗಳ ಇಬ್ಬಗೆ ಆರ್ಕಿಯನ್ ಯುಗದ ಕೊನೆಯಿಂದಲೇ ಕಾಣಿಸತೊಡಗುತ್ತದೆ ಎಂದು ತೋರಿಸಿದ್ದಾರೆ. ಧಾರವಾಡ ಶಿಲೆಗಳು ಕೊನೆಯ ಬಾರಿ ಕಾದದ್ದೂ ಅದೇ ಹೊತ್ತಿಗೆ, ಸುಮಾರು 250 ಕೋಟಿ ವರ್ಷಗಳ ಹಿಂದೆ. ಆದ್ದರಿಂದ ಈ ವಾದ ತೀರ್ಮಾನವಾಗುವುದರಲ್ಲಿ ನಮ್ಮ ಕಲ್ಲುಗಳ ಪಾತ್ರ ದೊಡ್ಡದು.

ಆ ಕಾವು ಹೇಗೆ ಹರಡಿತು ಎಂಬುದನ್ನು ಕನಕಪುರದ ಕಡೆಯ ಕಬ್ಬಾಳದುರ್ಗದಲ್ಲಿ ನೋಡಬಹುದು. ಅಲ್ಲಿನ ಕಲ್ಲುಗಣಿಯ ಮುಖದಲ್ಲಿ ಬೂದುಬಣ್ಣದ ನೈಸ್ ಇದೆ, ಅದರ ಪಟ್ಟೆಗಳು ಸ್ಪಷ್ಟ. ಆ ಪಟ್ಟೆಗಳನ್ನು ಅಡ್ಡಹಾಯ್ದು ಅಲ್ಲಲ್ಲಿ ಎಣ್ಣೆ ಚೆಲ್ಲಿದಂಥ ಹಸಿರುಗಪ್ಪು ಕಲೆಗಳು, ಬಿರುಕುಗಳ ಗುಂಟ. ಕಲೆಯ ಒಳಗೆ ಪಟ್ಟೆ ಮಸುಕಾಗುತ್ತದೆ, ಕಾಳು ದಪ್ಪವಾಗುತ್ತದೆ. ಆ ಕಲೆಗಳು ಚಾರ್ನೊಕೈಟ್, ಗ್ರಾನುಲೈಟಿನ ಒಂದು ಬಗೆ. ಮೈಸೂರು ಭೂವಿಜ್ಞಾನ ಇಲಾಖೆಯ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ಇದನ್ನು ಜಗತ್ತಿಗೆ ತೋರಿಸಿದರು: ನೈಸ್ ಚಾರ್ನೊಕೈಟ್ ಆಗುತ್ತಿರುವಾಗಲೇ ಹೆಪ್ಪುಗಟ್ಟಿದ ನೋಟ. 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ್ ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು, ಸುಮಾರು 20 ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿ ಮೀರಿದ ಕಾವಿನಲ್ಲಿ, ಕೆಳಗಿನಿಂದ ಏರಿಬಂದ ಇಂಗಾಲದ ಡೈಆಕ್ಸೈಡ್ ಬಿರುಕುಗಳಲ್ಲಿ ಹರಿದು ಕಲ್ಲಿನ ನೀರನ್ನು ಹೊರದಬ್ಬಿದ್ದರಿಂದ ಹೀಗಾಯಿತು ಎಂದು ವಿವರಿಸಿದರು. ಕಲೆಯ ಅಂಚಿನ ಮೇಲೆ ಬೆರಳಿಟ್ಟರೆ ಒಂದು ಬದಿಗೆ ಕಪ್ಪು ಬಯೋಟೈಟ್, ಗೇಣು ದೂರದ ಇನ್ನೊಂದು ಬದಿಗೆ ಅದೇ ಬಯೋಟೈಟ್ ನೀರು ಕಳೆದುಕೊಂಡು ಆದ ಕಂದು ಪೈರಾಕ್ಸೀನ್.